ಅತ್ತೆಯ ಎರಡು ಪುಟ

ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆದುಕೊಡುವ ಸೊಸೆಯ ಡಿಗ್ರಿ ಹದಿನಾಲ್ಕು ವರ್ಷಗಳಿಂದ ಒಂದೇ ಒಂದು ವಿಷಯಕ್ಕಾಗಿ ನಿಂತುಹೋಗಿತ್ತು. ಮದುವೆಯಾದ ವರ್ಷ ಕೊನೆಯ ಪರೀಕ್ಷೆಗೆ ಕೂರಲಾಗಲಿಲ್ಲ. ಆಮೇಲೆ ಮಗಳು ಹುಟ್ಟಿದಳು, ಮಾವ ಹಾಸಿಗೆ ಹಿಡಿದರು, ಮಾವ ಹೋದರು, ಮಗಳು ಶಾಲೆಗೆ ಸೇರಿದಳು. ಹೀಗೆ ಒಂದಲ್ಲ ಒಂದು. ಈ ವರ್ಷ ಮಗಳು ತನ್ನ ಜಡೆ ತಾನೇ ಹೆಣೆದುಕೊಳ್ಳುವಷ್ಟು ದೊಡ್ಡವಳಾದ ಮೇಲೆ ಸೊಸೆ ಧೈರ್ಯ ಮಾಡಿ ಸಂಜೆ ಕಾಲೇಜಿಗೆ ಹೋಗಿ ಕೇಳಿಕೊಂಡು ಬಂದಳು. ಬಾಕಿ ಉಳಿದ ವಿಷಯದ ಬದಲಿಗೆ ಅಲ್ಲಿನ ಯಾವ ಪಾಠವಾದರೂ ನಡೆಯುತ್ತಿತ್ತು, ಆದರೆ ಅವಳ ರಜೆಗೆ ಹೊಂದುವುದು ಶನಿವಾರ ಮಧ್ಯಾಹ್ನದ ಒಂದೇ ಪಾಠ. ಗೋಡೆಯ ಪಟ್ಟಿಯಲ್ಲಿ ಅದರ ಹೆಸರು ಹೀಗಿತ್ತು: 'ಜಪಾನಿನ ಕಲೆ ಮತ್ತು ಸಂಸ್ಕೃತಿ — ಹಳೆಯ ಬರಹಗಳ ಓದು.'

"ಜಪಾನಾ?" ಎಂದ ಗಂಡ. "ನಿನಗೂ ಜಪಾನಿಗೂ ಏನು ಸಂಬಂಧ?"

"ಶನಿವಾರದ ಸಂಬಂಧ," ಎಂದಳು ಸೊಸೆ. "ಅದೂ ನಡೆಯೋದು ಅನುಮಾನ. ಹತ್ತು ಜನ ಸೇರಿದರೆ ಮಾತ್ರ ಪಾಠ ಮಾಡ್ತಾರಂತೆ. ಒಂಬತ್ತು ಜನ ಇದೀವಿ."

ಅತ್ತೆ ಕಿಟಕಿಯ ಹತ್ತಿರ ಕೂತು ಮೊಮ್ಮಗಳ ಹರಿದ ನಕಾಶೆ ಪುಸ್ತಕಕ್ಕೆ ಬೆನ್ನು ಕಟ್ಟುತ್ತಿದ್ದರು. ಮೂವತ್ತೊಂದು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಮಡಿಸಿ, ಹೊಲಿದು, ಅಂಟು ಹಚ್ಚಿದ ಕೈ. ಕೆಲಸ ಬಿಟ್ಟು ಎರಡು ವರ್ಷವಾದರೂ ಆ ಕೈಗೆ ಅದು ಗೊತ್ತಾಗಿರಲಿಲ್ಲ. ಅವರು ದಾರವನ್ನು ಹಲ್ಲಿನಲ್ಲಿ ಕಡಿದು ತಲೆ ಎತ್ತಿದರು.

"ಹತ್ತನೇ ತಲೆ ಯಾರದ್ದಾದ್ರೂ ಆಗಬಹುದಾ?"

"ಹದಿನೆಂಟು ತುಂಬಿರಬೇಕು, ಓದಕ್ಕೆ ಬರೆಯಕ್ಕೆ ಬರಬೇಕು, ಅಷ್ಟೇ ಅತ್ತೆ."

"ಹದಿನೆಂಟು ತುಂಬಿ ನಲವತ್ತನಾಲ್ಕು ವರ್ಷ ಆಯ್ತು. ಓದಕ್ಕೆ ಬರುತ್ತೆ. ಬರೆಯೋದು ಕೋಳಿ ಕೆದಕಿದ ಹಾಗೆ, ಆದ್ರೂ ಬರುತ್ತೆ. ನನ್ನ ಹೆಸರೂ ಹಾಕು. ತಲೆ ಲೆಕ್ಕಕ್ಕೆ ತಲೆ. ಮೂಲೇಲಿ ಕೂತು ತೂಕಡಿಸಿ ಬರ್ತೀನಿ."

ಗಂಡ ನಕ್ಕ. ಸೊಸೆಯೂ ನಕ್ಕಳು. ಆದರೆ ಸೋಮವಾರ ಊಟದ ಬಿಡುವಿನಲ್ಲಿ ಹೋಗಿ ಎರಡು ಅರ್ಜಿ ತುಂಬಿದಳು. ಕಾರಕೂನ ಎರಡನ್ನೂ ನೋಡಿ, "ಒಂದೇ ವಿಳಾಸ. ಅಕ್ಕತಂಗಿಯರಾ?" ಎಂದು ಕೇಳಿದ. "ಅತ್ತೆ ಸೊಸೆ," ಎಂದಾಗ ಅವನು ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದ. ಒಂದೇ ಮನೆಯಲ್ಲಿ ಬಾಳುವುದೇ ಸಾಹಸ, ಇವರು ಒಂದೇ ಬೆಂಚಿಗೂ ಬರುತ್ತಿದ್ದಾರಲ್ಲ ಎಂದು ಅವನಿಗೆ ಅನ್ನಿಸಿರಬೇಕು.

ಪಾಠ ನಡೆಯುತ್ತಿದ್ದದ್ದು ಎರಡನೆಯ ಮಹಡಿಯ ಕೊನೆಯ ಕೋಣೆಯಲ್ಲಿ. ಒಂದು ಬೆಂಚಿನ ಕಾಲಿಗೆ ಮಡಿಸಿದ ರಟ್ಟು ಕೊಟ್ಟಿದ್ದರು. ಮೇಷ್ಟ್ರು ಉದ್ದ ಕತ್ತಿನ, ನಿಧಾನ ಮಾತಿನ ಮನುಷ್ಯ. ಮಾತಾಡುತ್ತ ಮಾತಾಡುತ್ತ ಚಾಕ್‌ಪೀಸನ್ನು ಜೇಬಿಗೆ ಹಾಕಿಕೊಂಡು ಆಮೇಲೆ ಮೇಜಿನ ಮೇಲೆಲ್ಲ ಹುಡುಕುವ ಜಾತಿ. ಹಿಂದಿನ ಬೆಂಚಿನಲ್ಲಿ ನಿವೃತ್ತ ಅಂಚೆಯವರೊಬ್ಬರು ಇದ್ದರು. ಎಲ್ಲರೂ ಅವರನ್ನು ಅಂಚೆಯಣ್ಣ ಎನ್ನುತ್ತಿದ್ದರು. ಉಳಿದವರೆಲ್ಲ ಇಪ್ಪತ್ತರ ಆಸುಪಾಸಿನವರು.

ಮೇಷ್ಟ್ರು ಮೊದಲ ದಿನವೇ ನಿಯಮ ಹೇಳಿದರು. "ಎರಡು ವಾರಕ್ಕೊಂದು ಹಳೇ ಬರಹ ಕೊಡ್ತೀನಿ. ನಾನೇ ನಮ್ಮ ಭಾಷೆಗೆ ತಂದಿದೀನಿ, ತಪ್ಪಿದ್ರೆ ನನ್ನನ್ನೇ ಬೈರಿ. ಓದಿ, ಎರಡು ಪುಟ ಬರ್ಕೊಂಡು ಬರಬೇಕು. ಸಾರಾಂಶ ಬೇಡ. ಅದು ನನಗೆ ಗೊತ್ತು. ಓದಿದಾಗ ನಿಮಗೆ ಏನಾಯ್ತು, ಯಾವ ಸಾಲಿನಲ್ಲಿ ಆಯ್ತು, ಯಾಕೆ ಆಯ್ತು. ಅದನ್ನ ಬರೀರಿ. ಬೇಸರ ಆದ್ರೆ ಬೇಸರ ಅಂತ್ಲೇ ಬರೀರಿ, ಆದರೆ ಎಲ್ಲಿ ಆಯ್ತು ಅಂತ ಬೆರಳಿಟ್ಟು ತೋರಿಸಿ."

ಅತ್ತೆ ತೂಕಡಿಸಲಿಲ್ಲ. ಕೊಟ್ಟ ಹಾಳೆಗಳನ್ನು ಎತ್ತಿ ಬೆಳಕಿಗೆ ಹಿಡಿದರು, ಅಂಚನ್ನು ಹೆಬ್ಬೆರಳಿನಿಂದ ಸವರಿದರು, ಪಿನ್ನು ಹೊಡೆದ ಮೂಲೆ ನೋಡಿ ಮುಖ ಕಿವುಚಿದರು. "ಮೇಷ್ಟ್ರೇ, ಇದನ್ನ ಕಾಗದದ ನಾರಿಗೆ ಅಡ್ಡ ಮಡಿಸಿದಾರೆ. ಮಡಿಕೆ ಸಿಡಿಯುತ್ತೆ," ಎಂದರು. ಮೇಷ್ಟ್ರು ತಮ್ಮ ಕೈಯಲ್ಲಿದ್ದ ಪ್ರತಿ ನೋಡಿಕೊಂಡರು. ನಿಜವಾಗಿಯೂ ಸಿಡಿದಿತ್ತು.

ಮೊದಲ ಬರಹ ಚಹಾ ಕೋಣೆಯೊಂದರ ಯಜಮಾನ ತನ್ನ ಮಗನಿಗೆ ಬರೆದಿಟ್ಟ ಸೂಚನೆಗಳು. ಕೋಣೆ ಚಿಕ್ಕದಿರಬೇಕು. ಬಾಗಿಲು ತಗ್ಗಾಗಿರಬೇಕು, ಎಂಥ ದೊಡ್ಡ ಮನುಷ್ಯನೂ ತಲೆ ತಗ್ಗಿಸಿ ಮಂಡಿಯೂರಿಯೇ ಒಳಗೆ ಬರಬೇಕು. ಸೊಸೆ ಎರಡು ಸಂಜೆ ಕೂತು ಬರೆದಳು. ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡವಳು. ವಿನಯ, ಸರಳತೆ, ಆಡಂಬರವಿಲ್ಲದ ಸೌಂದರ್ಯ ಎಲ್ಲ ಸಾಲುಸಾಲಾಗಿ ಬಂದವು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅತ್ತೆ ಪೆನ್ಸಿಲಿನಲ್ಲಿ ಅರ್ಧ ಪುಟ ಗೀಚಿ ಮುಗಿಸಿದರು.

ಹದಿನೈದು ದಿನಕ್ಕೆ ಹಾಳೆಗಳು ವಾಪಸು ಬಂದವು. ಸೊಸೆಗೆ ಹತ್ತಕ್ಕೆ ಆರು. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: 'ಚೆನ್ನಾಗಿದೆ. ಆದರೆ ಯಾರು ಬರೆದರೂ ಹೀಗೇ ಬರೆಯಬಹುದಿತ್ತು.' ಅತ್ತೆಗೆ ಏಳು. ಅವರ ಬರಹವನ್ನು ಮೇಷ್ಟ್ರು ತರಗತಿಗೆ ಓದಿದರು.

"'ಬಾಗಿಲು ತಗ್ಗು ಮಾಡಿದವನಿಗೆ ಮಂಡಿನೋವು ಇರಲಿಲ್ಲ ಅಂತ ಕಾಣುತ್ತೆ. ದೊಡ್ಡ ಮನುಷ್ಯನ ಸೊಕ್ಕು ಇಳಿಸೋಕೆ ಮಾಡಿದ ಬಾಗಿಲು ಮುದುಕಿಯನ್ನು ಹೊರಗೇ ನಿಲ್ಲಿಸಿತು. ನನ್ನಂಥವಳು ಬಂದರೆ ಚಹಾ ಹೊರಗೆ ತಂದು ಕೊಡು ಅಂತ ಮಗನಿಗೆ ಒಂದು ಮಾತು ಬರೆದಿಡಬೇಕಿತ್ತು.'"

ತರಗತಿ ನಕ್ಕಿತು. ಅಂಚೆಯಣ್ಣ, "ಸರಿಯಾಗಿ ಹೇಳಿದ್ರಿ ತಾಯಿ, ನನ್ನ ಮಂಡಿಯ ಓಟೂ ನಿಮಗೇ," ಎಂದರು. ಸೊಸೆಯೂ ನಕ್ಕಳು, ಆಮೇಲೆ ತನ್ನ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು. ತಲೆ ಲೆಕ್ಕಕ್ಕೆ ಬಂದವರಿಗೆ ಏಳು. ಹದಿನಾಲ್ಕು ವರ್ಷ ಕಾದು ಬಂದವಳಿಗೆ ಆರು.

ಎರಡನೆಯ ಬರಹ ಬಂದಾಗ ಮನೆಯ ಗಾಳಿಯೇ ಬದಲಾಯಿತು. ಅದು ಚಿತ್ರಗಳಿಗೆ ಬೆನ್ನು ಕಟ್ಟುವ ಕಸುಬಿನವನೊಬ್ಬನ ಟಿಪ್ಪಣಿ. ತೆಳು ಕಾಗದದ ಮೇಲೆ, ರೇಷ್ಮೆಯ ಮೇಲೆ ಬರೆದ ಚಿತ್ರಗಳ ಹಿಂದೆ ಪದರ ಪದರವಾಗಿ ಕಾಗದ ಅಂಟಿಸಿ, ಸುರುಳಿ ಸುತ್ತುವಂತೆ ಮಾಡುವ ಕೆಲಸ ಅವನದು. ಅವನು ಹೇಳುತ್ತಾನೆ: ಅಂಟನ್ನು ಕಾಸಿ ಮಡಕೆಯಲ್ಲಿ ತುಂಬಿ ನೆಲದಡಿ ಹತ್ತು ವರ್ಷ ಇಡು. ಅದರ ಬಲ ಹೋಗಲಿ. ಬಲ ಹೋದ ಅಂಟೇ ಒಳ್ಳೆಯ ಅಂಟು.

"ಇವನಿಗೆ ತಲೆ ಕೆಟ್ಟಿದೆ," ಎಂದರು ಅತ್ತೆ. "ಬಿಟ್ಟುಹೋಗೋ ಅಂಟು ಯಾತಕ್ಕೆ? ಹಂಗಾದ್ರೆ ನೀರು ಹಚ್ಚಲಿ."

ಅಷ್ಟಕ್ಕೇ ಬಿಡಲಿಲ್ಲ. ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ ಅವನ ಜೊತೆಯೇ ಜಗಳ. ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಎರಡು ಪಾತ್ರೆ ಒಲೆಯ ಮೇಲೆ ಏರಿದವು. ಒಂದರಲ್ಲಿ ಮೈದಾ ಹಿಟ್ಟಿನ ಗಟ್ಟಿ ಅಂಟು, ಅಂಗಡಿಯಲ್ಲಿ ಕಾಸುತ್ತಿದ್ದಂತೆ. ಇನ್ನೊಂದರಲ್ಲಿ ನೀರು ಸುರಿದು ಸುರಿದು ಸೋಸಿದ ತೆಳು ಅಂಟು. ಗಂಡ ಬಂದು ಮುಚ್ಚಳ ತೆಗೆದು ನೋಡಿದ.

"ಅಮ್ಮಾ, ಇದು ತಿನ್ನೋದಾ, ಅಂಟಿಸೋದಾ?"

"ಬಾಯಿ ಮುಚ್ಚಿಸೋದು. ಆ ಹಳೇ ಕ್ಯಾಲೆಂಡರ್ ಹರಿದು ಕೊಡು."

ಕ್ಯಾಲೆಂಡರಿನ ಎರಡು ಹಾಳೆಗೆ ಎರಡು ಬಗೆಯ ಅಂಟು ಹಚ್ಚಿ, ಹಿಂದೆ ಕಾಗದ ಕೊಟ್ಟು ಒಣಗಿಸಿದರು. ಗುರುವಾರ ಎರಡನ್ನೂ ಒದ್ದೆ ಬಟ್ಟೆಯಡಿ ಇಟ್ಟು ಬಿಡಿಸಲು ಕೂತರು. ತೆಳು ಅಂಟಿನದು ಸಿಪ್ಪೆ ಸುಲಿದಂತೆ ಬಂತು. ಗಟ್ಟಿ ಅಂಟಿನದನ್ನು ಎಳೆದರೆ ಚಿತ್ರದ ಹಕ್ಕಿಯ ತಲೆಯೇ ಕಿತ್ತು ಬಂತು. ಅತ್ತೆ ಬಹಳ ಹೊತ್ತು ತಲೆಯಿಲ್ಲದ ಆ ಹಕ್ಕಿಯನ್ನು ನೋಡುತ್ತ ಕೂತಿದ್ದರು. ಆಮೇಲೆ ಪೆನ್ಸಿಲು ಹುಡುಕಿದರು.

ಶುಕ್ರವಾರ ಅವರು ಹಾಳೆಗಳನ್ನು ಸೊಸೆಯ ಕೈಗಿಟ್ಟರು. "ನೀನು ಒಂದು ಸಲ ಚೊಕ್ಕವಾಗಿ ಬರೆದುಕೊಡೇ. ನನ್ನ ಅಕ್ಷರ ಓದಿ ಓದಿ ಮೇಷ್ಟ್ರ ಕಣ್ಣು ಕೆಟ್ಟರೆ ನಿನ್ನ ಆಸ್ಪತ್ರೆಗೇ ಬರ್ತಾರೆ."

ಸೊಸೆ ಬರೆಯಲು ಕೂತಳು. ಪೆನ್ಸಿಲ್ ಬರಹದಲ್ಲಿ ಚರಂಡಿ ಇತ್ತು, ಬೈಗುಳ ಇತ್ತು, ಅರ್ಧಕ್ಕೆ ನಿಂತ ವಾಕ್ಯಗಳಿದ್ದವು. ಇದನ್ನು ಹೀಗೇ ಕೊಡುವುದು ಹೇಗೆ, ಜನ ಮತ್ತೆ ನಗುತ್ತಾರೆ ಎಂದುಕೊಂಡಳು. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅವಳ ಮನಸ್ಸಿನ ಮೂಲೆಯಲ್ಲಿ ಆರು ಮತ್ತು ಏಳು ಇನ್ನೂ ಚುಚ್ಚುತ್ತಿದ್ದವು. ಹೇಗೆ ಬರೆಯಬೇಕು ಎಂದು ತನಗೆ ಗೊತ್ತು ಎಂದು ಯಾರಿಗಾದರೂ ತೋರಿಸಬೇಕಿತ್ತು. ಒಂದು ಪದ ಬದಲಿಸಿದಳು, ಆಮೇಲೆ ಒಂದು ಸಾಲು. ಮುಗಿಯುವ ಹೊತ್ತಿಗೆ ಚರಂಡಿ ಹೋಗಿ, 'ಅಂಟು ಎಂಬುದು ಬರೀ ಅಂಟಲ್ಲ, ಅದು ತಲೆಮಾರುಗಳ ಬಾಂಧವ್ಯದ ಪ್ರತೀಕ' ಎಂಬುದು ಬಂದು ಕೂತಿತ್ತು. ಅತ್ತೆ ಓದದೆಯೇ ಕೆಳಗೆ ರುಜು ಹಾಕಿದರು. ಸೊಸೆಯ ಕೈಬರಹದ ಮೇಲೆ ಅಷ್ಟು ನಂಬಿಕೆ.

ಮುಂದಿನ ಬಾರಿ ಹಾಳೆಗಳು ವಾಪಸು ಬಂದಾಗ ಸೊಸೆಗೆ ಮತ್ತೆ ಆರು. ಅತ್ತೆಯ ಹಾಳೆಯಲ್ಲಿ ಅಂಕವೇ ಇರಲಿಲ್ಲ. 'ಅಮ್ಮ, ಇದು ನಿಮ್ಮ ಮಾತಲ್ಲ. ನಿಮ್ಮದನ್ನು ಕೊಡಿ, ಕಾಯುತ್ತೇನೆ' ಎಂದಿತ್ತು.

ಅತ್ತೆ ಅಲ್ಲೇ ಬೆಂಚಿನ ಮೇಲೆ ಕನ್ನಡಕ ಏರಿಸಿ ಎರಡೂ ಪುಟ ಓದಿದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಮನೆಗೆ ಬಂದು ಚಪ್ಪಲಿ ಬಿಟ್ಟರು.

"ಇದನ್ನ ಯಾರು ಬರೆದರು?" ಎಂದರು ಕೊನೆಗೆ.

"ನಾನೇ ಅತ್ತೆ. ಸ್ವಲ್ಪ ತಿದ್ದಿದೆ. ನಿಮ್ಮನ್ನ ನೋಡಿ ನಗ್ತಾರೆ ಅಂತ..."

"ನಗಲಿ. ನಕ್ಕರೆ ನನ್ನ ಮಾತಿಗೆ ನಕ್ಕ ಹಾಗಾಯ್ತು." ಅತ್ತೆಯ ದನಿ ಏರಲಿಲ್ಲ. ಏರಿದ್ದರೆ ಸೊಸೆಗೆ ಸುಲಭವಾಗುತ್ತಿತ್ತು. "ಅಂಗಡೀಲಿ ಕಟಿಂಗ್ ಮಶೀನಿಗೆ ಹೊಸಬರನ್ನ ಕೂರಿಸಿದ್ರೆ ಹಿಂಗೇ ಮಾಡೋರು. ಅಂಚು ಸಮ ಬರಲಿ ಅಂತ ಕತ್ತರಿಸ್ತಾ ಕತ್ತರಿಸ್ತಾ ಅಕ್ಷರಕ್ಕೇ ಬ್ಲೇಡು ಬಿಡೋರು. ನೋಡಕ್ಕೆ ಎಷ್ಟು ಚೆಂದ! ಓದಕ್ಕೆ ಹೋದ್ರೆ ಸಾಲಿನ ಕೊನೇನೇ ಇಲ್ಲ."

"ತಪ್ಪಾಯ್ತು ಅತ್ತೆ."

"ನಾನು ಕೇಳಿದ್ದು ಅಕ್ಷರ ಚೊಕ್ಕ ಮಾಡು ಅಂತ. ನನ್ನ ಚೊಕ್ಕ ಮಾಡು ಅಂತಲ್ಲ."

ಅದಾದ ಮೇಲೆ ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಉಪ್ಪು ಕೊಡು, ಬಾಗಿಲು ಹಾಕು, ಫೋನ್ ಬಡ್ಕೋತಿದೆ. ಮಧ್ಯೆ ಸಿಕ್ಕಿಕೊಂಡ ಗಂಡ ಎರಡು ಕಡೆಗೂ ಹೂಂಗುಟ್ಟುತ್ತ, ಹೊಸ ಮನೆಯಲ್ಲಿ ಕತ್ತಲಾದ ಮೇಲೆ ನಡೆಯುವವನ ಹಾಗೆ ಎಚ್ಚರಿಕೆಯಿಂದ ಓಡಾಡುತ್ತಿದ್ದ. ಮಗಳು ಮಾತ್ರ, "ಅಜ್ಜಿ, ನೀನೂ ಅಮ್ಮನೂ ಟೂ ಬಿಟ್ಟಿದೀರಾ?" ಎಂದು ನೇರವಾಗಿ ಕೇಳಿ ಆಟಕ್ಕೆ ಹೋದಳು.

ಸೊಸೆಗೆ ಅತ್ತೆಯ ಪೆನ್ಸಿಲ್ ಹಾಳೆಗಳು ತನ್ನ ಚೀಲದಲ್ಲೇ ಇರುವುದು ಗೊತ್ತಿತ್ತು. ಬುಧವಾರ ಆಸ್ಪತ್ರೆಯಲ್ಲಿ ಅರ್ಧ ದಿನ ರಜೆ ಕೇಳಿ, ಕಾಲೇಜಿಗೆ ಹೋಗಿ, ಮೇಷ್ಟ್ರ ಕೋಣೆಯ ಮುಂದೆ ನಿಂತಳು. ಕಾರಣ ಹೇಳುವುದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದಳು. ಮೇಷ್ಟ್ರು ತಲೆ ಎತ್ತಿದಾಗ ಒಂದೇ ಉಸಿರಿಗೆ, "ಸರ್, ಅದನ್ನ ಕೆಡಿಸಿದ್ದು ನಾನು. ಅವರದು ಇಲ್ಲಿದೆ," ಎಂದು ಹಾಳೆಗಳನ್ನು ಮೇಜಿನ ಮೇಲಿಟ್ಟಳು.

ಮೇಷ್ಟ್ರು ಅವಳನ್ನು ಕೂರಲು ಹೇಳಿ ಓದತೊಡಗಿದರು. ಕೋಳಿ ಕೆದಕಿದ ಅಕ್ಷರ. ಒಂದೊಂದು ಕಡೆ ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡರು. ಓದಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಕೆಂಪು ಪೆನ್ನು ತೆಗೆದು ಒಂಬತ್ತು ಎಂದು ಬರೆದರು.

"ಇದನ್ನ ಶನಿವಾರ ಓದಬಹುದಾ ಅಂತ ಅವರನ್ನೇ ಕೇಳಿ," ಎಂದರು. "ಇನ್ನು ನಿಮ್ಮ ವಿಷಯ. ನಿಮಗೆ ಒಳ್ಳೇ ಭಾಷೆ ಇದೆ. ಅದರ ಹಿಂದೆ ಹೋಗಿ ಬಚ್ಚಿಟ್ಕೋತೀರಿ. ಈ ಎರಡೂ ಬರಹ ಓದಿದಾಗ ನಿಮಗೆ ನಿಜವಾಗ್ಲೂ ಏನನ್ನಿಸ್ತು?"

ಸೊಸೆ ಮೇಜಿನ ಮೇಲಿದ್ದ ಪೆನ್ಸಿಲ್ ಹಾಳೆಗಳನ್ನು ನೋಡಿದಳು. "ಏನೂ ಅನ್ನಿಸಲಿಲ್ಲ ಸರ್. ಏನು ಅನ್ನಿಸಬೇಕು ಅಂತ ಯೋಚನೆ ಮಾಡ್ತಾ ಇದ್ದೆ."

"ಇದು ನೋಡಿ, ನೀವು ಈ ವರ್ಷ ಹೇಳಿದ ಮೊದಲನೇ ಸ್ವಂತ ಮಾತು," ಎಂದು ಮೇಷ್ಟ್ರು ಸಂತೋಷದಿಂದ ಚಾಕ್‌ಪೀಸಿಗಾಗಿ ಮೇಜಿನ ಮೇಲೆ ತಡಕಾಡಿದರು. ಬರೆಯಲು ಅಲ್ಲಿ ಹಲಗೆಯೇ ಇರಲಿಲ್ಲ.

ಅವತ್ತು ಸಂಜೆ ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಸೊಸೆ ಹಾಳೆಯನ್ನು ಅವರ ತೊಡೆಯ ಮೇಲಿಟ್ಟಳು. ಅತ್ತೆ ಕೆಂಪು ಅಂಕ ನೋಡಿದರು.

"ಇದು ಒಂಬತ್ತಾ, ಸೊನ್ನೆಗೆ ಬಾಲ ಬಂದಿದೆಯಾ?"

"ಒಂಬತ್ತು ಅತ್ತೆ. ನಾನೇ ಹೋಗಿ ಕೊಟ್ಟು ಬಂದೆ. ಹೇಳಿದೆ, ಕೆಡಿಸಿದ್ದು ನಾನು ಅಂತ."

"ಅಷ್ಟು ದೂರ ಒಬ್ಬಳೇ ಹೋಗಿದ್ದೆಯಾ ಇದಕ್ಕೆ? ಊಟ?"

"ಮಾಡಿಲ್ಲ."

"ಮೊದಲು ಒಳಗೆ ಬಾ," ಎಂದು ಅತ್ತೆ ಸೊಸೆಯ ತೋಳು ಹಿಡಿದೇ ಎದ್ದರು. ಮಂಡಿಗೆ ಆಸರೆಯೂ ಆಯಿತು, ರಾಜಿಯೂ ಆಯಿತು.

ಶನಿವಾರ ಅತ್ತೆ ತಾವೇ ಎದ್ದು ನಿಂತು ಓದಿದರು.

"'ಮೂವತ್ತೊಂದು ವರ್ಷ ಅಂಟು ಕಾಸಿದವಳು ನಾನು. ಸಂಜೆಗೆ ಹಳಸಿದ ಅಂಟನ್ನ ಚರಂಡಿಗೆ ಸುರೀತಿದ್ದೆ. ಇವನು ಹಳಸಲಿ ಅಂತ ಹತ್ತು ವರ್ಷ ಕಾಯ್ತಾನೆ. ನನಗೆ ಸಿಟ್ಟು ಬಂದಿದ್ದು ಅಲ್ಲಿ. ನಮ್ಮ ಅಂಗಡಿ ಯಜಮಾನ ಹೇಳ್ತಿದ್ದ, ಪುಸ್ತಕ ಹರಿದರೂ ಅಂಟು ಬಿಡಬಾರದು. ಹಾಗೇ ಆಗ್ತಿತ್ತು. ಪುಸ್ತಕ ಹರೀತಿತ್ತು, ಅಂಟು ಬಿಡ್ತಿರಲಿಲ್ಲ. ರಿಪೇರಿಗೆ ಬಂದ ಪುಸ್ತಕ ಬಿಚ್ಚಿದರೆ ಅಕ್ಷರಾನೇ ಕಿತ್ತು ಬರ್ತಿತ್ತು. ಹಿಂದೆ ಇದನ್ನ ಅಂಟಿಸಿದವಳಿಗೆ ನಾನು ಬೈದಿದೀನಿ. ಎಷ್ಟೋ ಸಲ ಆ ಹಿಂದಿನವಳು ನಾನೇ ಆಗಿದ್ದೆ.

"'ನನ್ನ ಕಾಲ ಆದಮೇಲೆ ಇದನ್ನ ಬಿಚ್ಚೋರು ಯಾರು ಅಂತ ನಾನು ಒಂದು ದಿನವೂ ಯೋಚನೆ ಮಾಡಲಿಲ್ಲ. ಇವನು ತಾನು ಸತ್ತು ನೂರು ವರ್ಷದ ಮೇಲೆ ಹುಟ್ಟೋ ಒಬ್ಬ ಕೆಲಸಗಾರನ ಮುಖ ನೋಡದೇನೇ ಅವನ ಕೈಗೆ ಕೆಲಸ ಸುಲಭ ಮಾಡಿಟ್ಟು ಹೋದ. ಕ್ಯಾಲೆಂಡರಿನ ಮೇಲೆ ಮಾಡಿ ನೋಡಿದೆ. ಅವನು ಹೇಳಿದ್ದು ನಿಜ.

"'ಆದರೂ ಒಂದು ಮಾತು ಒಪ್ಪಲ್ಲ. ಕಾಯೋದು ಗೊತ್ತಿಲ್ಲದವರು ಕಸುಬುದಾರರೇ ಅಲ್ಲ ಅಂತ ಬರೆದಿದಾನೆ, ಎರಡನೇ ಪುಟದ ಕೊನೇಲಿ. ಅವನಿಗೆ ಮಡಕೆ ಇತ್ತು, ನೆಲ ಇತ್ತು, ಹತ್ತು ವರ್ಷ ಅನ್ನ ಹಾಕೋ ದೊರೆ ಇದ್ದ. ನಮಗೆ ಶಾಲೆ ಶುರುವಾಗೋದ್ರೊಳಗೆ ನಾಲ್ಕು ಸಾವಿರ ನೋಟ್‌ಬುಕ್ ಆಗಬೇಕಿತ್ತು. ನಾವೂ ಕಸುಬುದಾರರೇ. ಬೈಯೋದಾದ್ರೆ ನಮ್ಮನ್ನ ಬೈಬೇಡಪ್ಪ, ಅವಸರ ಮಾಡಿದವರನ್ನ ಬೈ.'"

ಯಾರೂ ನಗಲಿಲ್ಲ. ಅಂಚೆಯಣ್ಣ ಮೂಗು ಒರೆಸಿಕೊಂಡರು. ಇಪ್ಪತ್ತರ ಹುಡುಗಿಯೊಬ್ಬಳು ಎರಡನೆಯ ಪುಟ ತೆಗೆದು ಆ ಕೊನೆಯ ಸಾಲನ್ನು ಹುಡುಕಿ, ಅದರ ಕೆಳಗೆ ಗೆರೆ ಎಳೆದಳು. ತಾನು ಓದುವಾಗ ಆ ಸಾಲನ್ನು ಸುಮ್ಮನೆ ದಾಟಿಹೋಗಿದ್ದೆ ಎಂದು ಸೊಸೆಗೆ ಹೊಳೆಯಿತು. ಹಳೆಯದು, ಪರದೇಶದ್ದು, ಅಚ್ಚಾಗಿ ಬಂದದ್ದು ಅಂದ ಮೇಲೆ ಅದರ ಜೊತೆ ಜಗಳವಾಡಬಹುದು ಎಂದೇ ಅವಳಿಗೆ ತೋಚಿರಲಿಲ್ಲ.

ಮೂರನೆಯ ಬರಹ ಅರಮನೆಯ ಸಖಿಯೊಬ್ಬಳ ದಿನಚರಿ. ಸಾವಿರ ವರ್ಷದ ಹಿಂದಿನ ಹೆಂಗಸು. ಬಿದಿರ ತಟ್ಟಿಯ ಪರದೆಯ ಹಿಂದೆ ಕೂತು ದಿನ ಕಳೆದವಳು. ಹೊರಗಿನ ಗಂಡಸರಿಗೆ ಕಾಣುತ್ತಿದ್ದದ್ದು ಪರದೆಯ ಕೆಳಗೆ ಇಣುಕುವ ಅವಳ ತೋಳಿನ ಬಟ್ಟೆಯ ಬಣ್ಣ ಮಾತ್ರ.

ಸೊಸೆ ಅದನ್ನು ಆಸ್ಪತ್ರೆಗೆ ಒಯ್ದಳು. ಅವಳ ಕೌಂಟರಿನ ಗಾಜಿನ ತುಂಬ ಸೂಚನೆಗಳನ್ನು ಅಂಟಿಸಿದ್ದರು: ಸಾಲಿನಲ್ಲಿ ಬನ್ನಿ, ಹಳೆಯ ಚೀಟಿ ತನ್ನಿ, ಕಣ್ಣಿಗೆ ಔಷಧಿ ಹಾಕಿಸಿಕೊಂಡವರು ಗಾಡಿ ಓಡಿಸಬೇಡಿ. ಎಲ್ಲ ಅಂಟಿಸಿ ಉಳಿದದ್ದು ಎರಡು ಬೆರಳಗಲದ ಒಂದು ಸಂದು, ಕೆಳಗೆ ಅರ್ಧಚಂದ್ರದ ಕಿಂಡಿ. ಹನ್ನೊಂದು ಗಂಟೆಗೆ ರೋಗಿಗಳ ಸಾಲು ಕರಗಿದಾಗ ಹಾಳೆ ತೆಗೆದು ಓದಿದಳು. ಮೊದಲು ಎಲ್ಲರಿಗೂ ಬರುವ ಕನಿಕರವೇ ಅವಳಿಗೂ ಬಂತು. ಪಾಪ, ಪರದೆಯ ಹಿಂದಿನ ಹೆಣ್ಣು. ಪೆನ್ನು ತೆಗೆದು 'ಸ್ತ್ರೀಯ ಬಂಧನದ' ಎಂದು ಬರೆದಳು.

ಅಷ್ಟರಲ್ಲಿ ಕಿಂಡಿಯಲ್ಲಿ ಒಂದು ಕೈ ಬಂತು. ಉಗುರಿನ ಸುತ್ತ ಹಸಿರು ಬಣ್ಣದ ಕಲೆ. "ಏಳನೇ ನಂಬರ್ ಕೋಣೆ, ನಾಳೆ ಬನ್ನಿ, ಇವತ್ತು ನಿಮ್ಮ ಡಾಕ್ಟ್ರು ರಜ," ಎಂದಳು ಸೊಸೆ, ಚೀಟಿ ನೋಡುವ ಮೊದಲೇ. "ನಾನೇ ಅಂತ ಹೆಂಗೆ ಗೊತ್ತಾಯ್ತಮ್ಮ?" ಎಂದಿತು ಗಾಜಿನ ಆಚೆಯ ದನಿ. ಸೊಸೆ ತನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದಳು. ಬರೆದದ್ದನ್ನು ಹೊಡೆದು ಹಾಕಿದಳು. ಆಮೇಲೆ ನಿಲ್ಲಿಸದೆ ಬರೆದಳು. ಮಧ್ಯೆ ಮಧ್ಯೆ ಚೀಟಿ ಕೊಟ್ಟಳು, ಮತ್ತೆ ಬರೆದಳು.

'ಒಂಬತ್ತು ವರ್ಷದಿಂದ ನಾನು ಜನರನ್ನು ಕೈ ನೋಡಿ ಗುರುತು ಹಿಡಿಯುತ್ತಿದ್ದೇನೆ. ಕಣ್ಣಿನ ಆಪರೇಷನ್ನಿಗೆ ಹೆದರಿದವರು ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿರುತ್ತಾರೆ. ಗಂಡಹೆಂಡತಿ ಬಂದರೆ ಯಾರು ಯಾರನ್ನು ಕರೆತಂದರು ಎಂದು ಕಿಂಡಿಗೆ ಯಾರ ಕೈ ಮೊದಲು ಬರುತ್ತದೆ ಎಂಬುದರಲ್ಲೇ ತಿಳಿಯುತ್ತದೆ. ನನ್ನನ್ನು ಯಾರೂ ನೋಡುವುದಿಲ್ಲ. ಬೀದಿಯಲ್ಲಿ ಸಿಕ್ಕರೆ ಗುರುತಿಸುವುದೂ ಇಲ್ಲ. ಇದನ್ನು ನಾನು ಇಷ್ಟು ದಿನ ಒಂದು ಕೊರತೆ ಎಂದುಕೊಂಡಿದ್ದೆ.

'ಈ ದಿನಚರಿಯ ಮೂರನೆಯ ಪುಟದಲ್ಲಿ ಒಬ್ಬ ದೊಡ್ಡ ಅಧಿಕಾರಿ ಅವಳನ್ನು ಕಾಣಲು ಬರುತ್ತಾನೆ. ಒಳಗೆ ಬರುವ ಮೊದಲು ಮೂರು ಸಲ ಟೋಪಿ ಸರಿ ಮಾಡಿಕೊಳ್ಳುತ್ತಾನೆ. ಹೇಳಬೇಕಾದ ಮಾತನ್ನು ಪಿಸುದನಿಯಲ್ಲಿ ಅಭ್ಯಾಸ ಮಾಡುತ್ತಾನೆ. ಅವಳು ತೋಳಿನ ಅಂಚನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಾಳೆ. ಹೊರಗಿನವನಿಗೆ ತೋಳಿನ ಬಣ್ಣ ಮಾತ್ರ ಕಂಡಿತು. ಅವಳಿಗೆ ಅವನು ಇಡಿಯಾಗಿ ಕಂಡ. ಅವಳು ಕಾಣಿಸುತ್ತಿರಲಿಲ್ಲ ಎಂದು ಮರುಗಿದ ನಾವು ಅವಳು ನೋಡುತ್ತಿದ್ದಳು ಎಂಬುದನ್ನು ಮರೆತೆವು. ಪರದೆ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಅದನ್ನು ಅವಳು ಆರಿಸಿಕೊಂಡಿರಲಿಲ್ಲ. ಬೇಕೆಂದಾಗ ಎದ್ದು ಹೋಗುವಂತೆಯೂ ಇರಲಿಲ್ಲ. ನಾನು ಐದು ಗಂಟೆಗೆ ಎದ್ದು ಮನೆಗೆ ಹೋಗುತ್ತೇನೆ. ಆ ವ್ಯತ್ಯಾಸ ಸಣ್ಣದಲ್ಲ. ಆದರೆ ಕೂತಲ್ಲಿ ಅವಳು ಸುಮ್ಮನೆ ಕೂರಲಿಲ್ಲ, ನೋಡಿದಳು. ನೋಡಿದ್ದನ್ನು ಬರೆದಳು. ಆ ಅಧಿಕಾರಿಯ ಹೆಸರನ್ನು ಅವಳು ಬರೆಯಲಿಲ್ಲ. ಸಾವಿರ ವರ್ಷದ ಮೇಲೆ ಅವನ ಟೋಪಿ ಮಾತ್ರ ಉಳಿದಿದೆ.'

ಮುಗಿಸಿ ತಲೆ ಎತ್ತಿದಾಗ ಗಾಜಿನ ಸಂದಿನಲ್ಲಿ ಹೊರಗಿನ ಬೆಂಚು, ಬೆಂಚಿನ ಮೇಲೆ ತಲೆ ಹಿಂದಕ್ಕೊರಗಿಸಿ ಕೂತ ನಾಲ್ಕು ಜನ ಕಂಡರು. ಅವಳಿಗೆ ಹೊಟ್ಟೆ ತುಂಬ ಊಟ ಮಾಡಿದಂತೆ ಅನ್ನಿಸಿತು.

ಮನೆಯಲ್ಲಿ ಅದನ್ನು ಅತ್ತೆಗೆ ಓದಿ ಹೇಳಿದಳು. ಅತ್ತೆ ಬಟಾಣಿ ಸುಲಿಯುತ್ತ ಕೇಳಿದರು. ಮುಗಿದ ಮೇಲೂ ಎರಡು ಕಾಯಿ ಸುಲಿದರು.

"ಒಂದು ಕಡೆ ತಿದ್ದಬೇಕು," ಎಂದರು.

ಸೊಸೆ ಪೆನ್ನು ತೆಗೆದಳು. "ಎಲ್ಲಿ ಅತ್ತೆ?"

"ನಿನ್ನನ್ನ ಯಾರೂ ನೋಡಲ್ಲ ಅಂತ ಬರೆದಿದೀಯಲ್ಲ. ಈ ಮನೇಲಿ ಅದು ಸುಳ್ಳು." ಬುಟ್ಟಿ ಎತ್ತಿಕೊಂಡು ಒಳಗೆ ನಡೆದರು. "ಆದ್ರೆ ತಿದ್ದಬೇಡ, ಹಂಗೇ ಇರಲಿ. ನಿನ್ನ ಬರಹ."

ಆ ಬರಹಕ್ಕೆ ಒಂಬತ್ತು ಬಂತು. ಮೇಷ್ಟ್ರು ಕೆಳಗೆ ಏನೂ ಬರೆದಿರಲಿಲ್ಲ. ಟೋಪಿಯ ಸಾಲಿನ ಪಕ್ಕ ಅಂಚಿನಲ್ಲಿ ಒಂದು ಸಣ್ಣ ಕೆಂಪು ಗೆರೆ ಎಳೆದಿದ್ದರು. ಸೊಸೆ ಬಸ್ಸಿನಲ್ಲಿ ಆ ಗೆರೆಯನ್ನು ನಾಲ್ಕು ಸಲ ತೆಗೆದು ನೋಡಿದಳು. ನಾಲ್ಕನೆಯ ಸಲ ಪಕ್ಕದಲ್ಲಿದ್ದ ಅತ್ತೆ, "ಸವೆದು ಹೋಗುತ್ತೆ ಕಣೇ," ಎಂದರು.

ಇನ್ನೂ ನಾಲ್ಕು ಬರಹ ಆದವು. ಒಂದಕ್ಕೆ ಸೊಸೆ ಬೇಸರವಾಯಿತು ಎಂದೇ ಬರೆದಳು, ಎಲ್ಲಿ ಎಂದು ಬೆರಳಿಟ್ಟು ತೋರಿಸಿಯೂ ತೋರಿಸಿದಳು. ಅತ್ತೆ ಕತ್ತಿಗೆ ಸಾಣೆ ಹಿಡಿಯುವವನೊಬ್ಬನ ಬರಹದ ಜೊತೆ ಇಡೀ ಹದಿನೈದು ದಿನ ಸ್ನೇಹದಿಂದಿದ್ದರು. ಇವನೊಬ್ಬ ತಿಳಿದವನು ಎಂದು ಸರ್ಟಿಫಿಕೇಟು ಕೊಟ್ಟರು. ಬಿಡುವಿನಲ್ಲಿ ತರಗತಿಯ ಹುಡುಗ ಹುಡುಗಿಯರು ಅವರ ಸುತ್ತ ಕೂತು ಹಾಳೆ ಹೊಲಿಯುವುದು ಕಲಿತರು. ಕಾಲೇಜಿನ ಗ್ರಂಥಪಾಲಕಿ ಒಂದು ದಿನ ಅದನ್ನು ನೋಡಿ, ಒಳಗೆ ಕರೆದುಕೊಂಡು ಹೋಗಿ, ಬೆನ್ನು ಮುರಿದ ಪುಸ್ತಕಗಳ ಎರಡು ಕಪಾಟು ತೋರಿಸಿದಳು. ಅತ್ತೆ ಒಂದನ್ನು ಕೈಗೆತ್ತಿಕೊಂಡು ಮೂಸಿದರು. "ಇದು ನಮ್ಮ ಅಂಗಡಿ ಅಂಟು," ಎಂದರು, ಹಳೆಯ ನೆಂಟರನ್ನು ಕಂಡವರ ಹಾಗೆ. ಮಂಗಳವಾರ ಮತ್ತು ಗುರುವಾರ ಬೆಳಗ್ಗೆ ಬರುತ್ತೇನೆ, ಅವಸರ ಮಾಡಬಾರದು, ಅಂಟು ನಾನು ಹೇಳಿದ್ದೇ ಆಗಬೇಕು ಎಂಬ ಮೂರು ಕರಾರಿನ ಮೇಲೆ ಒಪ್ಪಿಕೊಂಡರು.

ಫಲಿತಾಂಶದ ದಿನ ಬೆಳಗ್ಗೆ ಕಾಲೇಜಿನ ಜಗಲಿಯಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಪಟ್ಟಿ ಅಂಟಿಸಿದ ಗೋಡೆಯ ಮುಂದೆ ಸೊಸೆ ತನ್ನ ನಂಬರನ್ನು ಎರಡು ಸಲ ತಪ್ಪಾಗಿ ಓದಿ, ಮೂರನೆಯ ಸಲ ಸರಿಯಾಗಿ ಓದಿದಳು. ಎಪ್ಪತ್ತನಾಲ್ಕು. ಡಿಗ್ರಿ ಆಯಿತು. ಅವಳು ಜೋರಾಗಿ ಕೂಗುತ್ತೇನೆ ಎಂದುಕೊಂಡಿದ್ದಳು. ಬಾಯಿಂದ ಬಂದದ್ದು ಒಂದು ಸಣ್ಣ "ಹಾ". ಗಂಡನಿಗೆ ಫೋನ್ ಮಾಡಿದಾಗ ಅವನು ಆ ಕಡೆಯಿಂದ ತನ್ನ ಕಚೇರಿಯವರಿಗೆಲ್ಲ ಸಾರುತ್ತಿರುವುದು ಕೇಳಿಸಿತು.

ಅತ್ತೆ ಪಟ್ಟಿಗೆ ಮೂಗು ತಾಗಿಸಿ ನಿಂತಿದ್ದರು.

"ನನಗೆ ಎಪ್ಪತ್ತೊಂದು," ಎಂದರು. "ಮೂರು ಕಡಿಮೆ."

"ಅತ್ತೆ, ಎಪ್ಪತ್ತೊಂದು ಅಂದ್ರೆ ಮೊದಲನೇ ದರ್ಜೆ!"

"ಇರಲಿ. ಆ ಮೂರು ಎಲ್ಲಿ ಹೋಯ್ತು ಅಂತ ಬೆರಳಿಟ್ಟು ತೋರಿಸಲಿ. ಅವರೇ ಹೇಳಿದ ನಿಯಮ ತಾನೆ?"

ಮೇಷ್ಟ್ರು ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬರುತ್ತಿದ್ದರು, ಅಂಗಿಯ ಜೇಬಿನ ಸುತ್ತ ಸೀಮೆಸುಣ್ಣದ ಪುಡಿ. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು ಅವರ ಕಡೆ ಹೊರಟರು. ತಡೆಯಬೇಕೆಂದು ಸೊಸೆ ಎರಡು ಹೆಜ್ಜೆ ಇಟ್ಟಳು, ಆಮೇಲೆ ಬೇಡವೆನಿಸಿ ಜಗಲಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಳು. ಅಲ್ಲಿಂದ ಇಬ್ಬರ ಮಾತು ಕೇಳಿಸುತ್ತಿರಲಿಲ್ಲ. ಅತ್ತೆಯ ಕೈ ಗಾಳಿಯಲ್ಲಿ ಏನನ್ನೋ ಮಡಿಸುತ್ತಿತ್ತು, ತೀಡುತ್ತಿತ್ತು. ಮೇಷ್ಟ್ರು ಉದ್ದ ಕತ್ತು ಬಗ್ಗಿಸಿ ಮೊದಲು ತಲೆ ಅಡ್ಡ ಆಡಿಸಿದರು, ಆಮೇಲೆ ಮೇಲೆ ಕೆಳಗೆ.